ಚಿನಕುರಳಿಯ ಆಚಾರಿ ಸೈಕಲ್ ಕಲಿತದ್ದು

ಲೋಕದಲ್ಲಿ ಏನೇ ಕೆಟ್ಟರೂ ಅದರೊಳಗೆ ಎಲ್ಲೋ ಒಂದು ಕಬ್ಬಿಣದ ತುಂಡು ಸರಿಯಿಲ್ಲ, ಅದನ್ನು ಹುಡುಕಿ ಕಾಯಿಸಿ ಬಡಿದರೆ ಮುಗಿಯಿತು ಎಂಬುದು ಚಿನಕುರಳಿಯ ಲಕ್ಷ್ಮಣಾಚಾರಿಯ ನಂಬಿಕೆ. ಬಾಗಿಲು ಕಿರುಗುಟ್ಟಿದರೆ ಅದರ ಕೀಲು, ಪಂಪು ನೀರೆತ್ತದಿದ್ದರೆ ಅದರ ವಾಷರು. ಹೆಂಡತಿ ಮಂಗಳಮ್ಮ ಮುನಿಸಿಕೊಂಡರೂ ಈಳಿಗೆಮಣೆ ಮೊಂಡಾಗಿರಬೇಕೆಂದು ಅದನ್ನೆತ್ತಿಕೊಂಡು ಹೋಗಿ ಮಸೆದು ತರುತ್ತಿದ್ದ. ಮುನಿಸಿಗೆ ಬೇರೆಯೇ ಕಾರಣ ಇರುತ್ತಿತ್ತು. ಆದರೂ ಈಳಿಗೆ ಚೆನ್ನಾಗಿ ಕೊಯ್ಯುತ್ತದಲ್ಲ, ಇರಲಿ ಎಂದು ಅವಳು ಸುಮ್ಮನಾಗುತ್ತಿದ್ದಳು.

ಇದು ಅವನೊಬ್ಬನ ಹುಚ್ಚಲ್ಲ, ಮನೆತನದ್ದು. ಊರ ಪಕ್ಕದ ಕಲ್ಲು ಕ್ವಾರಿಯವರಿಗೆ ಉಳಿ, ಹಾರೆಗಳಿಗೆ ಹದ ಹಾಕಿಕೊಡುವುದು ಅವರ ಕುಲುಮೆಯ ಹಳೆಯ ಕಸುಬು. ಕಲ್ಲು ಒಡೆಯುವವನು ಬಾಯಿ ಮುರಿದ ಉಳಿಯನ್ನು ತಂದು ಮುಂದೆ ಎಸೆದು ನಾಲ್ಕು ಮಾತು ಬೈದರೆ, ಲಕ್ಷ್ಮಣನ ಅಪ್ಪ ತುಟಿ ಬಿಚ್ಚದೆ ಅದನ್ನು ಮತ್ತೆ ಬೆಂಕಿಗೆ ಹಾಕುತ್ತಿದ್ದ. ನಿನ್ನ ಏಟೇ ಓರೆ ಬೀಳುತ್ತಿದೆಯಪ್ಪ ಎಂದು ಯಾರಿಗೂ ಹೇಳಿದವನಲ್ಲ. ಗೊತ್ತಾಗುತ್ತಿರಲಿಲ್ಲ ಎಂದಲ್ಲ. ನೇರ ಹೊಡೆಯುವವನ ಉಳಿಯ ತಲೆ ಸುತ್ತಲೂ ಒಂದೇ ಸಮ ಅರಳಿರುತ್ತದೆ, ಓರೆ ಹೊಡೆಯುವವನದು ಒಂದೇ ಮಗ್ಗುಲಿಗೆ ನಾಲಿಗೆ ಚಾಚಿರುತ್ತದೆ. ನೋಡಿದ ತಕ್ಷಣ ತಿಳಿಯುತ್ತದೆ, ಆದರೆ ಹೇಳಬಾರದು. ಬಿಸಿಲಲ್ಲಿ ಕಲ್ಲು ಕುಟ್ಟಿ ಬಂದವನ ಮುಖಕ್ಕೆ ನಿನ್ನ ಕೈ ಸರಿಯಿಲ್ಲ ಅನ್ನುವುದು ಕುಲುಮೆಗೆ ಮರ್ಯಾದೆಯಲ್ಲ. ದೋಷವೆಲ್ಲ ಕಬ್ಬಿಣದ ತಲೆಗೆ ಕಟ್ಟಿದರೆ ಬಂದವನಿಗೂ ನೆಮ್ಮದಿ, ಕುಲುಮೆಗೂ ಕೆಲಸ. ಒಳ್ಳೆಯ ಮನಸ್ಸಿನ ನಿಯಮವೇ ಅದು. ಕ್ವಾರಿಗೆ ಯಂತ್ರಗಳು ಬಂದು ಉಳಿಗಳ ಕಾಲ ಮುಗಿದರೂ ನಿಯಮ ಮಾತ್ರ ಲಕ್ಷ್ಮಣನ ಕೈಯಲ್ಲಿ ಉಳಿಯಿತು. ಅವನು ಕಿಟಕಿ ಸರಳು, ಗೇಟುಗಳ ವೆಲ್ಡಿಂಗಿಗೆ ಇಳಿದ. ಜೊತೆಗೆ ಸೈಕಲ್ ರಿಪೇರಿ. ಎಂಥ ಸೊಟ್ಟ ರಿಮ್ಮನ್ನೂ ಕಣ್ಣಳತೆಯಲ್ಲೇ ನೆಟ್ಟಗೆ ಮಾಡುತ್ತಾನೆಂದು ಸುತ್ತಲ ಹಳ್ಳಿಗಳಲ್ಲಿ ಹೆಸರಾಯಿತು.

ಇಷ್ಟೆಲ್ಲ ಹೆಸರಿದ್ದ ಮನುಷ್ಯನಿಗೆ ಸೈಕಲ್ ಓಡಿಸಲು ಬರುತ್ತಿರಲಿಲ್ಲ.

ನಗಬೇಡಿ. ಚಿಕ್ಕಂದಿನಲ್ಲಿ ಒಮ್ಮೆ ಸೋದರಮಾವನ ಸೈಕಲ್ ಹತ್ತಿ ಬಿದ್ದಿದ್ದ. ಎದ್ದವನು ಮೊಣಕಾಲಿನ ರಕ್ತ ಒರೆಸಿಕೊಂಡು, ಹ್ಯಾಂಡಲ್ ಸಡಿಲವಿತ್ತು ಎಂದು ತೀರ್ಮಾನಿಸಿ, ಅದನ್ನು ಬಿಗಿ ಮಾಡಿ ವಾಪಸ್ ಕೊಟ್ಟ. ಮತ್ತೆ ಹತ್ತಲಿಲ್ಲ. ಇದ್ದಿಲು ಮೂಟೆಯನ್ನು ಸೈಕಲ್ಲಿನ ಮೇಲೆ ಹೇರಿ ಪಕ್ಕದಲ್ಲಿ ನಡೆದುಕೊಂಡು ಬರುವ ಆಚಾರಿಯನ್ನು ಊರೆಲ್ಲ ನೋಡಿತ್ತು. ಭಾರವಿದೆ, ಅದಕ್ಕೆ ತಳ್ಳುತ್ತಾನೆ ಅಂದುಕೊಂಡಿತು. ಮೂಟೆ ಇಲ್ಲದಾಗಲೂ ತಳ್ಳುತ್ತಿದ್ದನಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ರಿಪೇರಿ ಮುಗಿಸಿದ ಮೇಲೆ, ನೀವೇ ಒಂದು ಸುತ್ತು ಹೊಡೆದು ನೋಡಿ, ನಿಮ್ಮ ಗಾಡಿ ನಿಮ್ಮ ಕಾಲಿಗೇ ಗೊತ್ತಾಗಬೇಕು ಅನ್ನುತ್ತಿದ್ದ. ಎಂಥ ಸೌಜನ್ಯ ಎಂದು ಗಿರಾಕಿಗಳು ಮೆಚ್ಚಿಕೊಂಡು ಹೋಗುತ್ತಿದ್ದರು.

ಗುಟ್ಟು ಗೊತ್ತಿದ್ದವಳು ಮಂಗಳಮ್ಮ ಒಬ್ಬಳೇ. ಅವಳ ತೌರು ಅಕ್ಕಿಹೆಬ್ಬಾಳು. ಮದುವೆಯ ಹೊಸತರಲ್ಲಿ ಅಲ್ಲಿಗೆ ಹೋದಾಗ, ಹುಡುಗ ಹುಡುಗಿ ಹೊಳೆ ಕಡೆ ಸುತ್ತಾಡಿಕೊಂಡು ಬರಲಿ ಎಂದು ಅವಳ ಅಣ್ಣ ತನ್ನ ಸೈಕಲ್ ಕೊಟ್ಟಿದ್ದ. ಗಂಡನ ಹಿಂದೆ ಕ್ಯಾರಿಯರ್ ಮೇಲೆ ಕೂತು ಹೋಗುವ ಆಸೆಯಿಂದ ಅವಳು ಸೀರೆ ಸರಿಮಾಡಿಕೊಂಡು ನಿಂತರೆ, ಈ ಮಹಾನುಭಾವ ಬ್ರೇಕಿನ ದೋಷ, ಚೈನಿನ ದೋಷ ವಿವರಿಸುತ್ತಾ ಹೇಮಾವತಿ ದಂಡೆಯವರೆಗೂ ಸೈಕಲ್ ತಳ್ಳಿಕೊಂಡೇ ನಡೆದ. ಹೊಳೆ ಮುಟ್ಟುವಷ್ಟರಲ್ಲಿ ಅವಳಿಗೆ ಅರ್ಥವಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಸಾಕಷ್ಟು ನಕ್ಕಳು. ಆಮೇಲೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅವರ ಒಬ್ಬಳೇ ಮಗಳು ಅನುಶ್ರೀ. ಅವಳಿಗೆ ಅಪ್ಪನ ಭಯ ಅಂಟಲಿಲ್ಲ. ಸೈಕಲ್ ಕೈಗೆ ಬಂದ ದಿನದಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಾಂಡವಪುರದ ಕಾಲೇಜಿಗೆ ಬಸ್ಸಿನ ಜೊತೆ ಪಂದ್ಯ ಕಟ್ಟಿದವಳ ಹಾಗೆ ತುಳಿದುಕೊಂಡು ಹೋಗುತ್ತಿದ್ದಳು. ಅದನ್ನು ದಾರಿಯಲ್ಲಿ ನೋಡಿದ ದೈಹಿಕ ಶಿಕ್ಷಣದ ಮೇಷ್ಟ್ರು ಶಿವಶಂಕರ್ ಅವಳನ್ನು ಕರೆದು, ರೇಸಿಗೆ ಬರುತ್ತೀಯಾ ಎಂದು ಕೇಳಿದರು. ಮನೆಗೆ ಬಂದು ಅವಳು ವಿಷಯ ಹೇಳಿದ ಸಂಜೆ ಲಕ್ಷ್ಮಣ ಕುಲುಮೆ ಬಾಗಿಲು ಹಾಕಿಕೊಂಡು ಸೈಕಲ್ಲಿನ ಬುಟ್ಟಿ, ಕ್ಯಾರಿಯರ್, ಮಡ್‌ಗಾರ್ಡು, ಚೈನ್ ಕವರ್ ಎಲ್ಲ ಕಳಚಿ ಎಸೆದ. ಉಳಿದ ತಗಡಿಗೆಲ್ಲ ಡ್ರಿಲ್ಲಿನಿಂದ ತೂತು ಹೊಡೆದ. ಭಾರ ಕಡಿಮೆಯಾಗಲಿ ಎಂದು. ಬೆಳಿಗ್ಗೆ ನೋಡಿದರೆ ಸೈಕಲ್ಲು ಶಾವಿಗೆ ಒತ್ತುವ ಬಿಲ್ಲೆಯಂತೆ ಕಾಣುತ್ತಿತ್ತು. ಮಗಳು ನಕ್ಕು ಅದನ್ನೇ ಹತ್ತಿಕೊಂಡು ಹೋದಳು.

ಮೊದಲ ರೇಸು ಶ್ರೀರಂಗಪಟ್ಟಣದ ಕಡೆ, ಪಾಲಹಳ್ಳಿಯ ಗದ್ದೆಗಳ ನಡುವಿನ ರಸ್ತೆಯಲ್ಲಿ. ನೇರ ದಾರಿಯಲ್ಲಿ ಅನುಶ್ರೀಯನ್ನು ಹಿಡಿಯುವವರೇ ಇರಲಿಲ್ಲ. ತಿರುವು ಬಂದಾಗ ಮಾತ್ರ ಅವಳ ಸೈಕಲ್ಲು ಎತ್ತಿನ ಗಾಡಿಯಾಗುತ್ತಿತ್ತು. ಹಿಂದಿದ್ದವರೆಲ್ಲ ಅಲ್ಲಿ ಅವಳನ್ನು ದಾಟಿ ಹೋದರು. ಕೊನೆಗೆ ಬಹುಮಾನದ ಹತ್ತಿರಕ್ಕೂ ಬರಲಿಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡು ಬಂದು ನಿಂತಾಗ ಲಕ್ಷ್ಮಣ ಅವಳ ಬೆನ್ನು ಸವರಿ, ಟೈರು ಸರಿಯಿಲ್ಲ ಬುಡು, ಸೋಮವಾರವೇ ಬದಲಾಯಿಸುತ್ತೇನೆ ಎಂದ. ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದರು.

"ಆಚಾರ್ರೇ, ಸೈಕಲ್ ಚೆನ್ನಾಗೇ ಅದೆ. ಮಗು ತಿರುವಲ್ಲಿ ಎದುರ್ಕತದೆ. ಮೊದಲೇ ನಿಧಾನ ಮಾಡ್ಕಂಡು, ದಾರಿ ನೋಡ್ಕಂಡು ತಿರುಗ್ಸದು ಬುಟ್ಟು, ನಡುಮಧ್ಯದಲ್ಲಿ ಬ್ರೇಕ್ ಇಡ್ಕತಾಳೆ. ಭಾನುವಾರ ಭಾನುವಾರ ಕಳ್ಸಿ, ಕಲ್ಸಣ."

ಲಕ್ಷ್ಮಣ ಶ್ರದ್ಧೆಯಿಂದ ಕೇಳಿಸಿಕೊಂಡ. ಆದರೆ ಅವನ ಕಿವಿ ಅಷ್ಟು ಮಾತಿನಲ್ಲಿ ಆರಿಸಿಕೊಂಡದ್ದು ಬ್ರೇಕ್ ಅನ್ನುವ ಒಂದೇ ಪದ.

ಅಲ್ಲಿಂದ ಶುರುವಾಯಿತು ನೋಡಿ. ಭಾನುವಾರ ಬೆಳಗಾದರೆ ಮೇಷ್ಟ್ರು ಕಾಲೇಜು ಮೈದಾನದಲ್ಲಿ ಕಾಯುತ್ತಾರೆ, ಮಗಳು ಶೂ ಹಾಕಿಕೊಂಡು ಸಿದ್ಧಳಾಗುತ್ತಾಳೆ, ಸೈಕಲ್ಲು ಮಾತ್ರ ಕುಲುಮೆಯಲ್ಲಿ ಅಂಗಾಂಗ ಬೇರೆಯಾಗಿ ಗೋಣಿತಾಟಿನ ಮೇಲೆ ಮಲಗಿರುತ್ತದೆ. ಇವತ್ತೊಂದು ದಿನ ತಡಿ ಕಣವ್ವ, ಬೇರಿಂಗು ಹಾಕಿಬಿಡುತ್ತೇನೆ ಅನ್ನುತ್ತಿದ್ದ. ಮುಂದಿನ ವಾರ ಬೇರಿಂಗಿನ ಬದಲು ಪೆಡಲು. ಆಮೇಲೆ ಮೈಸೂರಿನ ಸೈಕಲ್ ಅಂಗಡಿಯವನೊಬ್ಬನ ಮನೆಗೆ ಮಹಡಿ ಮೆಟ್ಟಿಲಿನ ಕಂಬಿಯೆಲ್ಲ ಕೂಲಿಯಿಲ್ಲದೆ ಮಾಡಿಕೊಟ್ಟು, ಅದಕ್ಕೆ ಬದಲಾಗಿ ಗೇರಿನ ಸೈಕಲ್ಲನ್ನೇ ತಂದ. ಅನುಶ್ರೀಯ ಕಣ್ಣಲ್ಲಿ ನೀರು ಬಂತು. ಯಾರಿಗೆ ತಾನೇ ಬರುವುದಿಲ್ಲ? ಅಷ್ಟು ಪ್ರೀತಿಯಿಂದ ತಂದದ್ದನ್ನು ಹತ್ತಿ ಸೋತರೆ ಹೇಗಿರುತ್ತದೆ ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಹೊಸ ಸೈಕಲ್ಲಿನಲ್ಲೂ ಅವಳು ನೇರಕ್ಕೆ ಕುದುರೆ, ತಿರುವಿಗೆ ಎತ್ತಿನ ಗಾಡಿ.

ಬ್ರೇಕಿನ ರಬ್ಬರು ಕೂಡ ಬಹಳ ಬೇಗ ಸವೆಯುತ್ತಿತ್ತು. ಲಕ್ಷ್ಮಣ ಸವೆದ ರಬ್ಬರನ್ನು ಬೆರಳಲ್ಲಿ ತಿರುಗಿಸಿ ನೋಡಿ, ಈಗಿನ ಕಾಲದ ರಬ್ಬರೇ ಇಷ್ಟು ಎಂದು ಬೈದ. ಉಳಿಯ ತಲೆ ನೋಡಿ ಹೊಡೆಯುವವನ ಕೈ ಹೇಳಬಲ್ಲವನಿಗೆ, ಈ ರಬ್ಬರು ಮಗಳ ಭಯದ ಮಾತು ಹೇಳುತ್ತಿದೆ ಎಂದು ತಿಳಿಯಲಿಲ್ಲ. ತಿಳಿದರೂ ಹೇಳಬಾರದೆಂಬ ಮನೆತನದ ರೂಢಿ ಅವನ ಕಣ್ಣಿಗೂ ಇಳಿದುಬಿಟ್ಟಿತ್ತೋ ಏನೋ. ಅವನು ಇನ್ನೂ ಬಲವಾದ, ಬೆರಳು ತಾಕಿದರೆ ಸಾಕು ಹಿಡಿಯುವಂಥ ಡಿಸ್ಕ್ ಬ್ರೇಕ್ ತಂದು ಹಾಕಿದ. ಈ ಸಲ ಗೆದ್ದೆವು ಎಂದು ಮಂಗಳಮ್ಮನಿಗೆ ಹೇಳಿ ಒಬ್ಬಟ್ಟು ಮಾಡಲೂ ಹೇಳಿದ.

ಆ ಬ್ರೇಕಿನೊಂದಿಗೆ ಅನುಶ್ರೀ ಕೆ.ಆರ್. ಪೇಟೆಯ ರೇಸಿಗೆ ಹೋದಳು. ಊರಾಚೆಯ ಒಂದು ತಿರುವಿನಲ್ಲಿ, ಅಭ್ಯಾಸಬಲದಂತೆ ನಡುಮಧ್ಯದಲ್ಲಿ ಬೆರಳು ಒತ್ತಿದಳು. ಹಳೆಯ ಬ್ರೇಕಾಗಿದ್ದರೆ ಕಿರುಗುಟ್ಟಿ ನಿಧಾನವಾಗುತ್ತಿತ್ತು. ಇದು ಚಕ್ರವನ್ನು ಗಕ್ಕನೆ ಹಿಡಿಯಿತು. ಅವಳು ಸೈಕಲ್ ಸಮೇತ ಜಾರಿಕೊಂಡು ಹೋಗಿ ರಸ್ತೆ ಅಂಚಿನ ಜಲ್ಲಿಯ ಮೇಲೆ ಬಿದ್ದಳು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಮೊಣಕೈಯಿಂದ ಮುಂಗೈವರೆಗೆ ಚರ್ಮ ಕಿತ್ತು ಬಂದಿತ್ತು. ಆಸ್ಪತ್ರೆಯಲ್ಲಿ ಗಾಯ ತೊಳೆಯುವಾಗ ಅವಳು ಅಳಲಿಲ್ಲ, ಗೋಡೆ ನೋಡುತ್ತಾ ಕೂತಿದ್ದಳು. ಲಕ್ಷ್ಮಣ ಹೊರಗೆ ನಿಂತು ಅತ್ತ.

ಊರಿಗೆ ಬಂದ ಮೇಲೆ ಅನುಶ್ರೀ ಸೈಕಲ್ ಮುಟ್ಟಲಿಲ್ಲ. ಮೇಷ್ಟ್ರು ಮನೆಗೇ ಬಂದರು. ನಾಗಮಂಗಲದಲ್ಲಿ ಆಯ್ಕೆಯ ರೇಸು ಇದೆ, ರಾಜ್ಯಮಟ್ಟಕ್ಕೆ ಹೋಗುವ ಜಿಲ್ಲಾ ತಂಡವನ್ನು ಅಲ್ಲೇ ಆರಿಸುತ್ತಾರೆ, ಗಾಯ ಒಣಗುವಷ್ಟು ಕಾಲ ಇದೆ, ಯೋಚನೆ ಮಾಡಮ್ಮ ಎಂದು ಹೇಳಿ ಕಾಫಿ ಕುಡಿದು ಹೋದರು. ಅವಳು ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬಂದಳು. ಬಸ್ಸಿನ ಕಿಟಕಿಯಲ್ಲಿ ಮಗಳ ಮುಖ ನೋಡಿದ ದಿನ ಲಕ್ಷ್ಮಣನಿಗೆ ಊಟ ಸೇರಲಿಲ್ಲ. ಅವಳು ಸೈಕಲ್ ಬಿಟ್ಟರೆ ಬಿಡಲಿ, ಲೋಕ ಮುಳುಗುವುದಿಲ್ಲ. ಆದರೆ ಹೀಗೆ, ಸೋತು, ಹೆದರಿ, ಬಾಯಿ ಮುಚ್ಚಿಕೊಂಡು ಬಿಟ್ಟಳು ಅಂದರೆ ಜೀವಮಾನವೆಲ್ಲ ಅದು ಅವಳೊಳಗೆ ಕೂತಿರುತ್ತದೆ. ಅವನಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ಬಲ್ಲವನು ಮಾಡಿದ್ದಾದರೂ ಏನು? ಮತ್ತೆ ಪಾನಾ ಹಿಡಿದ. ಒಂದು ಸಂಜೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿಕೊಂಡು, ಈ ಬ್ರೇಕ್ ತೆಗೆದು ಬೇರೆ ಕಂಪನಿಯದು ಹಾಕುತ್ತೇನೆ, ಇದರಿಂದಲೇ ಎಲ್ಲ ಆದದ್ದು ಎಂದು ಮಗಳಿಗೆ ವಿವರಿಸತೊಡಗಿದ. ಮಂಗಳಮ್ಮ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಅನುಶ್ರೀ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಕೇಳಿದಳು, ಕೇಳಿದಳು, ಆಮೇಲೆ ಒಂದೇ ಸಲಕ್ಕೆ ಮಾತಾಡಿದಳು.

"ಬ್ರೇಕ್ ಬೀಳ್ನಿಲ್ಲ ಕಣಪ್ಪ, ಬಿದ್ದೋಳು ನಾನು. ಸೋತ್ರೂ ನಿನ್ ಟೈರೇ ಸೋಲ್ತದೆ, ಬಿದ್ರೂ ನಿನ್ ಬ್ರೇಕೇ ಬೀಳ್ತದೆ. ನಾಳೆ ಗೆದ್ರೆ ಅದೂ ಸೈಕಲ್ ಗೆದ್ದಂಗೆ ತಾನೆ? ಮಧ್ಯದಲ್ಲಿ ನಾನ್ಯಾಕೆ? ನಂಗೆ ತಿರುವಂದ್ರೆ ಭಯ ಕಣಪ್ಪ. ಅದ್ನ ಯೋಳಕ್ಕೇ ನೀನು ಬುಡ್ನಿಲ್ಲ."

ಲಕ್ಷ್ಮಣ ಪಾನಾ ಕೆಳಗಿಟ್ಟ.

ಮಗಳ ಮಾತು ಮುಗಿದಿರಲಿಲ್ಲ. ಈಗ ಅಳು ಬರುತ್ತಿತ್ತು. "ಒಂದ್ ಸಲ ನೀನೇ ಅತ್ತಿ ತಿರುವಲ್ಲಿ ಬಂದ್ ನೋಡು. ಆಮೇಲ್ ಯೋಳು, ಎಲ್ಲೈತೆ ದೋಷ ಅಂತ."

ಮಂಗಳಮ್ಮ ತಲೆ ಎತ್ತಿ ಗಂಡನನ್ನು ನೋಡಿದಳು. ಅವನು ಇನ್ನೇನಾದರೂ ಹೇಳಿ ಜಾರಿಕೊಳ್ಳಬಹುದಿತ್ತು, ಮಂಡಿ ನೋವು ಅನ್ನಬಹುದಿತ್ತು. ಇಷ್ಟು ವರ್ಷ ಹಾಗೇ ಜಾರಿಕೊಂಡು ಬಂದವನು. ಆದರೆ ಭಯ ಅನ್ನುವ ಮಾತನ್ನು ಮಗಳು ಅಷ್ಟು ಕಷ್ಟಪಟ್ಟು ಆಡಿದ ಮೇಲೆ ಅವನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನಂಗೆ ಸೈಕಲ್ ಓಡ್ಸಕ್ಕೆ ಬರಾಕಿಲ್ಲ ಕಣವ್ವ. ನಂಗೂ ಭಯ."

ಅನುಶ್ರೀ ಅವ್ವನ ಕಡೆ ತಿರುಗಿದಳು. ಮಂಗಳಮ್ಮ ಹೌದೆಂದು ತಲೆಯಾಡಿಸಿ, ನಗು ತಡೆಯಲಾರದೆ ಮೊರವನ್ನು ಮುಖಕ್ಕೆ ಅಡ್ಡ ಹಿಡಿದಳು. ಮಗಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ನಕ್ಕಳು, ನಗುತ್ತಲೇ ಅತ್ತಳು. ಕೊನೆಗೆ ಮೂಗು ಒರೆಸಿಕೊಂಡು, ನಾಳೆ ಬೆಳಿಗ್ಗೆ ಕೆರೆ ಅಂಗಳಕ್ಕೆ ಬಾ, ನಾನು ಕಲಿಸುತ್ತೇನೆ ಎಂದಳು.

ನೀರು ಬತ್ತಿ ಗಟ್ಟಿಯಾಗಿದ್ದ ಕೆರೆಯಂಗಳ. ಯಾರೂ ಏಳುವ ಮುಂಚೆ ಅಪ್ಪ ಮಗಳು ಅಲ್ಲಿರುತ್ತಿದ್ದರು. ಕಿಲಾಡಿ ಗೇರಿನ ಸೈಕಲ್ ಬೇಡವೆಂದು ತೂತಿನ ಹಳೆ ಸೈಕಲ್ಲನ್ನೇ ತಂದಿದ್ದರು. ಅನುಶ್ರೀ ಗಾಯವಿಲ್ಲದ ಕೈಯಿಂದ ಸೀಟು ಹಿಡಿದು ಹಿಂದೆ ಓಡುತ್ತಿದ್ದಳು, ಕುಲುಮೆಯ ಬೆಂಕಿಗೆ ಹೆದರದ ಗಂಡಸು ಹ್ಯಾಂಡಲನ್ನು ಕತ್ತು ಹಿಸುಕುವವನ ಹಾಗೆ ಹಿಡಿದುಕೊಂಡು ಮುಂದಿನ ಚಕ್ರವನ್ನೇ ನೋಡುತ್ತಾ ಓಲಾಡುತ್ತಿದ್ದ. ಒಂದೆರಡು ದಿನ ಬಿದ್ದ, ಎದ್ದ, ಆಮೇಲೆ ಅಷ್ಟು ದೂರ ತಾನಾಗಿ ಹೋಗುವುದು ಬಂತು. ನೇರ ಹೋಗುವುದು. ತಿರುಗಿಸುವುದು ಬೇರೆ ಮಾತು.

ಆ ದೊಡ್ಡ ಬಯಲಲ್ಲಿ ಇದ್ದದ್ದು ಒಂದೇ ಒಂದು ಜಾಲಿ ಗಿಡ. ನೂರು ಎತ್ತಿನ ಜೋಡಿ ಒಟ್ಟಿಗೆ ತಿರುಗುವಷ್ಟು ಜಾಗ ಸುತ್ತಲೂ ಬಿದ್ದಿತ್ತು. ಲಕ್ಷ್ಮಣ ದೂರದಿಂದಲೇ ಗಿಡ ನೋಡಿದ. ಗಿಡ ಬಂತು, ಗಿಡ ಬಂತು ಎಂದು ಅದರ ಮೇಲಿನ ಕಣ್ಣು ಕೀಳದೆ, ತೀರ ಹತ್ತಿರ ಬಂದ ಮೇಲೆ ಬ್ರೇಕನ್ನು ಜೀವದಂತೆ ಹಿಡಿದುಕೊಂಡು, ನೆಟ್ಟಗೆ ಹೋಗಿ ಅದಕ್ಕೇ ಗುದ್ದಿದ. ಅಂಗಿಗೆಲ್ಲ ಮುಳ್ಳು ಚುಚ್ಚಿಕೊಂಡಿತು, ಎರಡೂ ಚಕ್ರ ಪಂಚರಾಯಿತು. ಪಂಚರು ಹಾಕಿ ಮತ್ತೆ ಹತ್ತಿದರೂ ಅದೇ ಗಿಡಕ್ಕೆ ಹೋದ. ಮಾರನೆಯ ದಿನವೂ ಹೋದ.

ಅನುಶ್ರೀಗೆ ರೇಗಿತು. "ಗಿಡ ಯಾಕ್ ನೋಡ್ತೀಯಾ? ನೀನ್ ಎತ್ತಗ್ ನೋಡ್ತೀಯೋ ಸೈಕಲ್ಲು ಅತ್ತಗೇ ಓಯ್ತದೆ. ಗಿಡ ಬುಡು, ಅದ್ರ ಪಕ್ಕದ ದಾರಿ ನೋಡು. ಬ್ರೇಕ್ ಇಡಿಯಂಗಿದ್ರೆ ಮೊದ್ಲೇ ಇಡ್ದು ಬುಟ್ಬುಡು, ತಿರುಗ್ವಾಗ ಇಡೀಬ್ಯಾಡ."

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ಮೇಷ್ಟ್ರು ಪಾಲಹಳ್ಳಿಯಿಂದ ಈಚೆಗೆ ಇದೇ ಮಾತನ್ನು ಅವಳಿಗೆ ಬಾಯಿ ಸವೆಯುವಷ್ಟು ಸಲ ಹೇಳಿದ್ದರು. ಆಗ ಅದು ಮೇಷ್ಟ್ರ ಮಾತಾಗಿತ್ತು. ಈಗ, ಮೈ ತುಂಬ ಮುಳ್ಳು ಮಾಡಿಕೊಂಡು ಎದುರಿಗೆ ನಿಂತ ಅಪ್ಪನಲ್ಲಿ ಅವಳಿಗೆ ತಾನು ತಿರುವಿನಲ್ಲಿ ಮಾಡುವುದೆಲ್ಲ ಕಾಣಿಸಿತು. ರಸ್ತೆ ಅಂಚಿನ ಜಲ್ಲಿಯನ್ನೇ ನೋಡಿಕೊಂಡು ಜಲ್ಲಿಯ ಮೇಲೇ ಹೋಗಿ ಬಿದ್ದವಳಲ್ಲವೇ ಅವಳು?

ಆ ದಿನ ಲಕ್ಷ್ಮಣ ಕುಲುಮೆಗೆ ಬಂದವನೇ ಮೂಲೆಯ ಡಬ್ಬದಲ್ಲಿ ಬಿದ್ದಿದ್ದ ಸವೆದ ಬ್ರೇಕ್ ರಬ್ಬರುಗಳನ್ನು ಅಂಗೈಯಲ್ಲಿ ಹರಡಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದ. ಅಷ್ಟೂ ರಬ್ಬರಿನಲ್ಲಿ ಮಗಳು ಪ್ರತಿ ತಿರುವಿನಲ್ಲೂ ಹೆದರಿದ್ದು ಬರೆದಿಟ್ಟಷ್ಟು ಸ್ಪಷ್ಟವಾಗಿತ್ತು. ಪ್ರತಿ ಸಲವೂ ಅದನ್ನು ಬಿಸಾಕಿ ಹೊಸದು ಹಾಕಿದ್ದ. ಯಾಕವ್ವ ಹೀಗೆ ಸವೆಯುತ್ತದೆ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಅವನಿಗೆ ತನ್ನ ಮೇಲೆ ಕೋಪ ಬಂತು, ಮಗಳ ಮೇಲೆ ಹೇಳಲಾರದಷ್ಟು ಮರುಕ ಬಂತು. ಕ್ವಾರಿಯವನಿಗೆ ತೋರಿಸಬೇಕಾದ ಮರ್ಯಾದೆ ಬೇರೆ, ಮನೆ ಮಗಳಿಗೆ ತೋರಿಸಬೇಕಾದದ್ದು ಬೇರೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಗಾಯ ಒಣಗಿತ್ತು. ಅನುಶ್ರೀ ಮೇಷ್ಟ್ರಿಗೆ ಫೋನು ಮಾಡಿ ಭಾನುವಾರ ಬರುತ್ತೇನೆ ಎಂದಳು. ಲಕ್ಷ್ಮಣ ಗೇರಿನ ಸೈಕಲ್ಲಿಗೆ ಗಾಳಿ ನೋಡಿದ, ಚೈನಿಗೆ ಎಣ್ಣೆ ಬಿಟ್ಟ, ಬ್ರೇಕ್ ಎಷ್ಟು ಬಿಗಿ ಬೇಕೆಂದು ಮಗಳನ್ನೇ ಕೇಳಿ ಅಷ್ಟೇ ಬಿಗಿ ಮಾಡಿದ. ಉಳಿದದ್ದಕ್ಕೆ ಕೈ ಹಾಕಲಿಲ್ಲ. ಕೈ ಹಾಕದೆ ಇರುವುದು ಅವನಿಗೆ ಎಷ್ಟು ಕಷ್ಟವಾಯಿತೆಂದರೆ, ಆ ವಾರವೆಲ್ಲ ಮನೆಯ ಪ್ರತಿ ಬಾಗಿಲ ಚಿಲಕ, ಕೊಡಪಾನದ ಕಂಠ, ಮಂಗಳಮ್ಮನ ಚಕ್ಕುಲಿ ಒರಳು ಕೂಡ ರಿಪೇರಿಯಾದವು. ಮೇಷ್ಟ್ರು ಅನುಶ್ರೀಯನ್ನು ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಓಡಿಸಿದರು. ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಇನ್ನಷ್ಟು, ಇನ್ನಷ್ಟು.

ನಾಗಮಂಗಲದ ರೇಸಿನ ದಿನ ಲಕ್ಷ್ಮಣ ಮಗಳನ್ನು ರೇಸು ಶುರುವಾಗುವ ಜಾಗದಲ್ಲಿ ಬಿಟ್ಟು, ಗೆಲುವಿನ ಗೆರೆ ಇರುವ ಕಡೆ ಹೋಗದೆ, ದಾರಿ ಹಿಡಿದು ನಡೆದ. ಊರಿನಾಚೆ ಉದ್ದನೆಯ ಇಳಿಜಾರು, ಅದರ ಬುಡದಲ್ಲಿ ಬಲಕ್ಕೆ ಗಕ್ಕನೆ ತಿರುವು ಇದೆ ಎಂದು ಮೇಷ್ಟ್ರು ಹೇಳಿದ್ದರು. ತಿರುವಿನ ಹೊರ ಅಂಚಿನಲ್ಲಿ, ಹುಣಸೆ ಮರದ ಪಕ್ಕ ನಿಂತುಕೊಂಡ. ಮಗಳು ಇಲ್ಲಿ ಹೇಗೆ ತಿರುಗಿಸುತ್ತಾಳೆ ನೋಡಬೇಕಿತ್ತು, ಅಷ್ಟೇ. ಮುಂದಿನ ಹುಡುಗಿಯರು ಇಳಿಜಾರಿನ ತಲೆಯಲ್ಲಿ ಕಾಣಿಸಿಕೊಂಡ ಮೇಲೆ ಅವನಿಗೆ ಫಕ್ಕನೆ ಹೊಳೆಯಿತು. ತಾನು ನಿಂತಿರುವ ಜಾಗದಲ್ಲೇ ಅವಳ ಕಣ್ಣು ಬೀಳುತ್ತದೆ. ಅಪ್ಪನನ್ನು ನೋಡಿದಳೋ, ಸೈಕಲ್ಲು ಅಪ್ಪನ ಕಡೆಗೇ ಬರುತ್ತದೆ. ಕೆರೆಯಂಗಳದ ಜಾಲಿ ಗಿಡ ಈಗ ಅವನೇ ಆಗಿದ್ದ. ಸರಿದುಕೊಳ್ಳೋಣವೆಂದರೆ ಹೊತ್ತು ಮೀರಿತ್ತು, ಅಲುಗಿದರೆ ಇನ್ನೂ ಬೇಗ ಕಣ್ಣಿಗೆ ಬೀಳುತ್ತಾನೆ. ಉಸಿರು ಬಿಗಿಹಿಡಿದು ಕಲ್ಲಿನಂತೆ ನಿಂತ. ನೋಡಬೇಡ ಕಣವ್ವ, ನನ್ನನ್ನು ನೋಡಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಅನುಶ್ರೀ ಬಂದಳು. ತಿರುವಿಗೆ ಇನ್ನೂ ದೂರವಿರುವಾಗಲೇ ಬ್ರೇಕ್ ಹಿಡಿದು ಬಿಟ್ಟಳು. ಮೈಯನ್ನೂ ಸೈಕಲ್ಲನ್ನೂ ಒಟ್ಟಿಗೆ ಒಳಕ್ಕೆ ವಾಲಿಸಿದಳು. ಗದ್ದ ಹೆಗಲ ಕಡೆ ತಿರುಗಿತ್ತು, ಕಣ್ಣು ಬಲಕ್ಕೆ, ತಿರುವಿನ ಆಚೆಯ ರಸ್ತೆಯ ಮೇಲೆ. ಅವನ ಅಂಗಿಗೆ ಗಾಳಿ ತಾಕುವಷ್ಟು ಹತ್ತಿರದಿಂದ ಹೋದಳು. ತಿರುವಿನಲ್ಲಿ ತಡಬಡಿಸಿದ ಇಬ್ಬರನ್ನು ದಾಟಿದಳು. ಒಂದು ಗಳಿಗೆಯಾದರೂ ಅವನ ಕಡೆ ನೋಡಲಿಲ್ಲ.

ಲಕ್ಷ್ಮಣ ಹುಣಸೆ ಮರಕ್ಕೆ ಒರಗಿ ಕಣ್ಣೊರೆಸಿಕೊಂಡ. ಅವನು ನಡೆದು ಊರು ಮುಟ್ಟುವಷ್ಟರಲ್ಲಿ ರೇಸು ಮುಗಿದು, ಆಯ್ಕೆಯಾದವರ ಹೆಸರು ಕೂಗಿ ಆಗಿತ್ತು. ಅನುಶ್ರೀ ನಾಲ್ಕನೆಯವಳು. ತಂಡಕ್ಕೆ ಬೇಕಿದ್ದದ್ದೂ ನಾಲ್ಕೇ ಮಂದಿ. ಗುಂಪಿನ ನಡುವೆ ಕತ್ತು ಉದ್ದ ಮಾಡಿ ಹುಡುಕುತ್ತಿದ್ದ ಮಗಳು ಅವನನ್ನು ಕಂಡವಳೇ ಸಿಟ್ಟಿನಿಂದ ಹತ್ತಿರ ಬಂದಳು. ಎಲ್ಲರ ಅಪ್ಪಂದಿರೂ ಇಲ್ಲೇ ಇದ್ದರು, ನೀನೆಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳಿದಳು.

"ಇಳಿಜಾರ್ ತಿರುವಲ್ಲೇ ಇದ್ದೆ ಕಣವ್ವ, ರೋಡ್ ಅಂಚಲ್ಲೇ ನಿಂತಿದ್ದೆ," ಎಂದ ಲಕ್ಷ್ಮಣ. ಅವನ ಮುಖ ಮೊರದಗಲವಾಯಿತು. "ನೀನು ನನ್ನ ನೋಡ್ನೇ ಇಲ್ಲ."